ಟೈರಿಗೆ ಎಷ್ಟು ಗಾಳಿ: ಏರ್ಕಾಡಿನಲ್ಲೊಂದು ಆಟೋಕ್ರಾಸ್ ಸಂವಾದ

ಬೇರೆ ವಾಹನ ಸುಳಿಯದ ಬಯಲಿನಲ್ಲಿ ಕೋನ್‌ಗಳನ್ನಿಟ್ಟು ದಾರಿ ಗುರುತಿಸಿ, ಒಂದು ಸಲಕ್ಕೆ ಒಂದೇ ಕಾರನ್ನು ಓಡಿಸಿ ಸಮಯ ಅಳೆಯುವ ಸ್ಪರ್ಧೆ ಆಟೋಕ್ರಾಸ್. ಒಂದು ಸುತ್ತು ಸುಮಾರು ಒಂದು ನಿಮಿಷದ್ದು. ವೇಗ ಹೆದ್ದಾರಿಯ ವೇಗವನ್ನು ದಾಟುವುದು ಅಪರೂಪ, ಆದರೆ ತಿರುವುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಅಮೆರಿಕದಲ್ಲಿ ಇದನ್ನು ಹೆಚ್ಚಾಗಿ ಟಾರು ಅಥವಾ ಕಾಂಕ್ರೀಟಿನ ಮೇಲೆ ಆಡುತ್ತಾರೆ. ನಮ್ಮಲ್ಲಿ ಚಿಕ್ಕಮಗಳೂರು, ಕೊಡಗಿನ ಕಡೆ ಬಹುಪಾಲು ಮಣ್ಣಿನ ಮೇಲೆ ನಡೆಯುತ್ತದೆ. ಕೊಡಗಿನಲ್ಲಿ ಕೊಯ್ಲು ಮುಗಿದ ಗದ್ದೆಯೇ ಟ್ರ್ಯಾಕ್ ಆಗುವುದುಂಟು. ಸಮಯ ಇಳಿಸಲು ಎಂಜಿನ್, ಸಸ್ಪೆನ್ಷನ್ ಮುಟ್ಟಿದರೆ ಲಕ್ಷಗಟ್ಟಲೆ ಖರ್ಚು. ಟೈರಿನ ಗಾಳಿ ಬದಲಿಸಲು ಒಂದು ಪಂಪು, ಒಂದು ಗೇಜು ಸಾಕು, ಫಲ ಅದೇ ದಿನ ಗೊತ್ತಾಗುತ್ತದೆ. ಈ ಆಟಕ್ಕೆ ಹೊಸಬರಾದ ಬೆಂಗಳೂರಿನ ಒಬ್ಬರು ಮತ್ತು ಬಹಳ ಕಾಲದಿಂದ ಕಾರು ಸಜ್ಜುಗೊಳಿಸುತ್ತಿರುವ, ಕನ್ನಡ ಮನೆಮಾತಿನ ಸೇಲಂನ ಒಬ್ಬರು ಈ ವಿಷಯವನ್ನು ಸೇಲಂ ಮೇಲಿನ ಬೆಟ್ಟದೂರು ಏರ್ಕಾಡಿನಲ್ಲಿ ಚರ್ಚಿಸುತ್ತಾರೆ.

ಬೆಂಗಳೂರಿನವರು: ಡ್ರೈವರ್ ಬಾಗಿಲು ತೆರೆದರೆ ಒಳಗಡೆ ಸ್ಟಿಕರ್ ಇರುತ್ತದೆ. ಎಷ್ಟು ಗಾಳಿ ಬೇಕು ಅಂತ ಕಂಪನಿಯವರೇ ಲೆಕ್ಕ ಹಾಕಿ ಬರೆದಿದ್ದಾರೆ. ಅದನ್ನು ಬಿಟ್ಟು ಬೇರೆ ಅಂಕಿ ಯಾಕೆ ಹುಡುಕಬೇಕು ಅಣ್ಣಾ?

ಸೇಲಂನವರು: ಆ ಅಂಕಿ ತಪ್ಪಲ್ಲ, ಅದು ಬೇರೆ ಕೆಲಸಕ್ಕೆ ಕೊಟ್ಟಿದ್ದು. ಐದು ಜನ ಕೂತರೂ ಟೈರು ಭಾರ ತಡೆಯಬೇಕು, ಹಳ್ಳ ಬಂದರೆ ಸೊಂಟ ಉಳಿಯಬೇಕು, ಮೈಲೇಜ್ ಬರಬೇಕು, ಟೈರು ಸಮನಾಗಿ ಸವೆಯಬೇಕು. ಇಷ್ಟನ್ನೂ ತೂಗಿ ಸಣ್ಣ ಕಾರುಗಳಿಗೆ 30ರ ಆಸುಪಾಸಿನ ಪಿಎಸ್‌ಐ ನಿಗದಿ ಮಾಡುತ್ತಾರೆ. ಆಟೋಕ್ರಾಸ್‌ನಲ್ಲಿ ಕೂರುವುದು ಒಬ್ಬರು ಅಥವಾ ಇಬ್ಬರು, ಓಡುವುದು ಒಂದು ನಿಮಿಷ. ಆ ಒಂದು ನಿಮಿಷವೂ ಟೈರನ್ನು ಅಡ್ಡಕ್ಕೆ ಎಳೆದಾಡುತ್ತೀರಿ. ಸ್ಟಿಕರ್ ಬರೆದವರು ಅಂಥ ಎಳೆತವನ್ನು ಮುಂದಿಟ್ಟುಕೊಂಡು ಬರೆದದ್ದಲ್ಲ.

ಬೆಂಗಳೂರಿನವರು: ಹಾಗಾದರೆ ಟೈರಿನ ಮೇಲೇ ದೊಡ್ಡ ಅಂಕಿ ಅಚ್ಚಾಗಿರುತ್ತದಲ್ಲ, 44, 51 ಅಂತ? ಅಷ್ಟು ತುಂಬಿಸಿಬಿಟ್ಟರೆ?

ಸೇಲಂನವರು: ಅದು ಟೈರು ತಣ್ಣಗಿದ್ದಾಗ ಮೀರಬಾರದ ಮಿತಿ. ಯಾವ ಕಾರಿಗೆ ಎಷ್ಟು ಬೇಕು ಅನ್ನುವುದು ಟೈರು ಮಾಡಿದವರಿಗೆ ಗೊತ್ತಿರುವುದಿಲ್ಲ. ಟಾರಿನ ಮೇಲೆ ಓಡುವುದಾದರೆ ಸ್ಟಿಕರಿನ ಅಂಕಿಗೂ ಈ ಮಿತಿಗೂ ನಡುವೆ ಎಲ್ಲೋ ಒಂದು ಕಡೆ ನಿಮ್ಮ ಅಂಕಿ ಇದೆ. ಅದನ್ನು ಹುಡುಕುವುದೇ ಕೆಲಸ.

ಬೆಂಗಳೂರಿನವರು: ಗಾಳಿ ಜಾಸ್ತಿಯಾದರೆ ನೆಲ ತಾಗುವ ಜಾಗ ಕಮ್ಮಿಯಾಗುತ್ತದೆ, ಹಿಡಿತವೂ ಕಮ್ಮಿಯಾಗಬೇಕು ಅಲ್ಲವೇ? ಎಲ್ಲರೂ ಜಾಸ್ತಿ ಹಾಕಿ ಅಂತ ಯಾಕೆ ಹೇಳುತ್ತಾರೆ?

ಸೇಲಂನವರು: ನೇರ ರಸ್ತೆಯಲ್ಲಿ ನಿಮ್ಮ ಮಾತು ಸರಿ. ಚಾಲಕ ಕೂತ ಸಣ್ಣ ಕಾರಿನ ಮುಂದಿನ ಒಂದು ಚಕ್ರದ ಮೇಲೆ ಸುಮಾರು 300 ಕೆ.ಜಿ. ಭಾರ ಇರುತ್ತದೆ. 33 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ 2.3 ಕೆ.ಜಿ. ಭಾಗಿಸಿದರೆ ನೆಲ ತಾಗುವ ಜಾಗ ಸುಮಾರು 130 ಚದರ ಸೆಂಟಿಮೀಟರ್, ಒಂದು ಅಂಗೈಯಷ್ಟು. ಟೈರಿನ ಗೋಡೆಯ ಗಟ್ಟಿತನವೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜಿನ ಲೆಕ್ಕ. ಈಗ ಜೋರಾಗಿ ತಿರುಗಿಸಿ. ಭಾರವೆಲ್ಲ ಹೊರಬದಿಗೆ ವಾಲಿ, 300 ಇದ್ದ ಆ ಹೊರಗಿನ ಮುಂದಿನ ಚಕ್ರಕ್ಕೆ 450 ದಾಟಬಹುದು. ಜೊತೆಗೆ ಅಡ್ಡ ಎಳೆತ. ಬೀದಿ ಟೈರಿನ ಗೋಡೆ ಮೆತ್ತಗಿರುತ್ತದೆ, ಮಡಚಿಕೊಳ್ಳುತ್ತದೆ. ಆಗ ತುಳಿಯುವ ಮುಖದ ಒಳ ಅಂಚು ನೆಲ ಬಿಡುತ್ತದೆ, ಹೊರಗಡೆ ಭುಜ ನೆಲಕ್ಕೆ ಉಜ್ಜುತ್ತದೆ. ಅಂಗೈಯಷ್ಟಿದ್ದ ಜಾಗದಲ್ಲಿ ನಿಜವಾಗಿ ಕೆಲಸ ಮಾಡುವುದು ಒಂದು ಪಟ್ಟಿ ಮಾತ್ರ. ಗಾಳಿ ಏರಿಸಿದರೆ ಗೋಡೆ ಸೆಟೆದು ನಿಲ್ಲುತ್ತದೆ, ಮುಖ ನೆಲಕ್ಕೆ ಸಪಾಟಾಗಿ ಕೂರುತ್ತದೆ. ಒಂದು ಹಂತದವರೆಗೆ ಈ ಲಾಭ ದೊಡ್ಡದು. ಹಂತ ದಾಟಿದರೆ ಮುಖದ ನಡುಭಾಗ ಉಬ್ಬಿ ಅಂಚುಗಳು ಸುಮ್ಮನಾಗುತ್ತವೆ. ಸ್ಟೀರಿಂಗ್ ಚುರುಕಾಗಿದೆ ಅನ್ನಿಸುತ್ತದೆ, ಆದರೆ ಕಾರು ಪುಟಿಯುತ್ತಾ ಜಾರುತ್ತದೆ.

ಬೆಂಗಳೂರಿನವರು: ಆ ಹಂತ ಬಂತು ಅಂತ ತಿಳಿಯುವುದು ಹೇಗೆ?

ಸೇಲಂನವರು: ಸೀಮೆಸುಣ್ಣ ಇದ್ದರೆ ಸಾಕು. ಟೈರಿನ ಭುಜದ ಹತ್ತಿರ, ಗೋಡೆಯ ಮೇಲ್ತುದಿಯಲ್ಲಿ ಸಣ್ಣ ತ್ರಿಕೋನದ ಅಚ್ಚು ಇರುತ್ತದೆ. ಕೆಲವು ಟೈರಿನಲ್ಲಿ ಟಿಡಬ್ಲ್ಯುಐ ಅಂತ ಅಕ್ಷರ ಇರುತ್ತದೆ. ಸವೆತದ ಗುರುತು ಎಲ್ಲಿದೆ ಅಂತ ತೋರಿಸಲು ಇಟ್ಟದ್ದು ಅದು. ಸ್ಪರ್ಧೆಗೆ ಹೋಗುವವರು ಅದನ್ನೇ ಗೆರೆಯಾಗಿ ಬಳಸುತ್ತಾರೆ. ತುಳಿಯುವ ಮುಖದ ಅಂಚಿನಿಂದ ಶುರುಮಾಡಿ, ತ್ರಿಕೋನ ದಾಟಿ ಕೆಳಗೆ ಎರಡು ಬೆರಳಿನಷ್ಟು ಉದ್ದಕ್ಕೆ ಸುಣ್ಣದ ಗೆರೆ ಎಳೆಯಿರಿ. ಸುತ್ತಲೂ ಮೂರು ಕಡೆ ಎಳೆದರೆ ಒಂದು ಕಡೆಯ ಆಕಸ್ಮಿಕ ಉಜ್ಜುವಿಕೆಯಿಂದ ಮೋಸ ಹೋಗುವುದಿಲ್ಲ. ಒಂದು ಸುತ್ತು ಓಡಿಸಿ ಬಂದು ನೋಡಿ. ಸುಣ್ಣ ತ್ರಿಕೋನದ ತುದಿಯವರೆಗೆ ಅಳಿಸಿದ್ದರೆ ಗಾಳಿ ಸರಿಯಿದೆ. ತ್ರಿಕೋನ ದಾಟಿ ಗೋಡೆಯ ಮೇಲೂ ಅಳಿಸಿದ್ದರೆ ಟೈರು ಮಡಚಿಕೊಳ್ಳುತ್ತಿದೆ, 2 ಪಿಎಸ್‌ಐ ಏರಿಸಿ. ಮುಖದ ಅಂಚಿನಲ್ಲೇ ಸುಣ್ಣ ಉಳಿದಿದ್ದರೆ ಅಷ್ಟು ಭಾಗ ನೆಲವನ್ನೇ ಕಂಡಿಲ್ಲ, 2 ಇಳಿಸಿ. ಭುಜದ ರಬ್ಬರನ್ನು ಬೆರಳಲ್ಲಿ ಸವರಿದರೂ ಗೊತ್ತಾಗುತ್ತದೆ: ಉಜ್ಜಿದ ಕಡೆ ತರಿತರಿಯಾಗಿರುತ್ತದೆ, ಉಜ್ಜದ ಕಡೆ ಅಚ್ಚಿನ ನುಣುಪು ಹಾಗೇ ಇರುತ್ತದೆ.

ಬೆಂಗಳೂರಿನವರು: ರೇಸಿನಲ್ಲಿ ಟೈರಿನ ಬಿಸಿ ಅಳೆದು ನೋಡುತ್ತಾರಲ್ಲ? ನಡುವೆ ಬಿಸಿ ಜಾಸ್ತಿಯಿದ್ದರೆ ಗಾಳಿ ಜಾಸ್ತಿ, ಅಂಚುಗಳಲ್ಲಿ ಜಾಸ್ತಿಯಿದ್ದರೆ ಗಾಳಿ ಕಮ್ಮಿ ಅಂತ.

ಸೇಲಂನವರು: ಶ್ರೀಪೆರಂಬದೂರಿನ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲೋ ಸುತ್ತಿನ ಮೇಲೆ ಸುತ್ತು ಓಡಿದ ಟೈರಿಗೆ ಆ ಲೆಕ್ಕ ಸರಿ. ಅಲ್ಲಿ ರಬ್ಬರು ಆಳದವರೆಗೆ ಕಾದಿರುತ್ತದೆ. ಒಂದು ನಿಮಿಷದ ಓಟದಲ್ಲಿ ಕಾಯುವುದು ಮೇಲ್ಪದರ ಮಾತ್ರ. ಕಾರು ನಿಲ್ಲಿಸಿ ಉಪಕರಣ ತೆಗೆಯುವಷ್ಟರಲ್ಲಿ ಅದೂ ತಣ್ಣಗಾಗಿರುತ್ತದೆ. ಸೂಜಿ ಚುಚ್ಚಿ ಅಳೆಯುವುದಕ್ಕೆ ಸ್ವಲ್ಪ ಅರ್ಥವಿದೆ, ಮುಟ್ಟದೆ ದೂರದಿಂದಲೇ ಅಳೆಯುವುದಕ್ಕೆ ಇಲ್ಲಿ ಅಷ್ಟು ಬೆಲೆಯಿಲ್ಲ. ಸುಣ್ಣ ಮತ್ತು ಸಮಯ, ಆಟೋಕ್ರಾಸ್‌ನಲ್ಲಿ ನಂಬಬೇಕಾದವು ಇವೆರಡು.

ಬೆಂಗಳೂರಿನವರು: ಒಂದು ಉದಾಹರಣೆ ಹಿಡಿದು ಹೇಳಿ. ಮುಂದಿನ ಚಕ್ರಗಳು ಎಳೆಯುವ ಸಾಧಾರಣ ಹ್ಯಾಚ್‌ಬ್ಯಾಕ್, ಬೀದಿ ಟೈರು, ಸ್ಟಿಕರಿನಲ್ಲಿ 32, ಟಾರಿನ ಬಯಲು.

ಸೇಲಂನವರು: ಮುಂದೆ 38, ಹಿಂದೆ 35 ಇಟ್ಟು ಶುರುಮಾಡಬಹುದು. ಎಂಜಿನ್ನಿನ ಭಾರ, ಎಳೆಯುವ ಕೆಲಸ, ತಿರುಗಿಸುವ ಕೆಲಸ, ಬ್ರೇಕಿನ ಬಹುಪಾಲು, ಎಲ್ಲವೂ ಮುಂದಿನ ಎರಡು ಟೈರುಗಳ ಮೇಲೇ ಬೀಳುತ್ತವೆ. ಹಾಗಾಗಿ ಅಲ್ಲಿ ಹೆಚ್ಚು. ಮೊದಲು ಸುಣ್ಣ ನೋಡಿ ಮುಂದಿನದನ್ನು ಸರಿಮಾಡಿಕೊಳ್ಳಿ. ಅದು ಮುಗಿಯುವವರೆಗೆ ಹಿಂದಿನದನ್ನು ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಹೇಳಲು ಬರುವುದಿಲ್ಲ.

ಬೆಂಗಳೂರಿನವರು: ಹಿಂದಿನದಕ್ಕೂ ಸುಣ್ಣವೇ?

ಸೇಲಂನವರು: ಅಲ್ಲ. ಹಿಂದಿನ ಗಾಳಿ ಕಾರಿನ ಸಮತೋಲಕ್ಕೆ. ಸ್ಟೀರಿಂಗ್ ತಿರುಗಿಸಿದರೂ ಮೂತಿ ಹೊರಗೇ ಹೋಗುತ್ತಿದ್ದರೆ ಹಿಂದಿನ ಟೈರುಗಳಿಗೆ 2 ಅಥವಾ 3 ಪಿಎಸ್‌ಐ ಏರಿಸಿ. ಅಲ್ಲಿ ಭಾರ ಕಡಿಮೆ. ಗಾಳಿ ಅಗತ್ಯ ಮೀರಿದರೆ ಹಿಡಿತ ಬಿಡುತ್ತದೆ, ಹಿಂಭಾಗ ಸ್ವಲ್ಪ ಸರಿದು ಕಾರು ತಿರುವಿಗೆ ಒಗ್ಗುತ್ತದೆ. ಹಿಂಭಾಗ ಇದ್ದಕ್ಕಿದ್ದಂತೆ ಬೀಸಿ ಬರುತ್ತಿದ್ದರೆ ಅಲ್ಲಿಂದಲೇ ಇಳಿಸಿ. ಹಿಂದಿನ ಚಕ್ರ ಎಳೆಯುವ ಕಾರಾದರೆ ಲೆಕ್ಕ ಬೇರೆ: ಅಲ್ಲಿ ವೇಗ ಕೊಡುವುದು ಹಿಂದಿನ ಟೈರು, ಅದರ ಹಿಡಿತ ಕೆಡಿಸಿ ಮೂತಿ ತಿರುಗಿಸುವುದು ನಷ್ಟದ ವ್ಯಾಪಾರ. ಸ್ಪರ್ಧೆಗೆಂದೇ ಮಾಡಿದ, ಗೋಡೆ ಗಟ್ಟಿಯಿರುವ ಟೈರಿಗೆ ಇಷ್ಟು ಗಾಳಿ ಬೇಡ. ಗೋಡೆ ತಾನೇ ನಿಲ್ಲುವುದರಿಂದ ಕಡಿಮೆ ಅಂಕಿಯಲ್ಲೂ ಮುಖ ಸಪಾಟಾಗಿರುತ್ತದೆ.

ಬೆಂಗಳೂರಿನವರು: ಏರಿಸಿದಾಗ ಸಮಯ ಕಡಿಮೆಯಾದರೆ ಗಾಳಿಯಿಂದಲೇ ಆಯಿತು ಅನ್ನಬಹುದೇ?

ಸೇಲಂನವರು: ಅಲ್ಲೇ ಹೆಚ್ಚಿನವರು ಎಡವುವುದು. ಎರಡನೇ ಓಟ ಮೊದಲಿನದಕ್ಕಿಂತ ಹೇಗೂ ವೇಗವಾಗಿರುತ್ತದೆ, ಕೋನುಗಳ ದಾರಿ ಅಷ್ಟರಲ್ಲಿ ಚಾಲಕನಿಗೆ ಬಾಯಿಪಾಠವಾಗಿರುತ್ತದೆ. ಅಭ್ಯಾಸದ ದಿನ ಹಳೆಯ ಅಂಕಿಗೆ ಮರಳಿ ಇನ್ನೊಮ್ಮೆ ಓಡಿಸಬೇಕು. ಹಳೆಯ ಅಂಕಿಯಲ್ಲಿ ಸಮಯ ಮತ್ತೆ ಜಾಸ್ತಿಯಾದರೆ ಮಾತ್ರ ಹೊಸ ಅಂಕಿ ಗೆದ್ದಂತೆ.

ಬೆಂಗಳೂರಿನವರು: ಈಗ ಈ ಬೆಟ್ಟದ ವಿಚಾರ. ಸೇಲಂನಲ್ಲಿ ತುಂಬಿಸಿದ ಗಾಳಿ ಏರ್ಕಾಡಿಗೆ ಬರುವಷ್ಟರಲ್ಲಿ ಏರುತ್ತದೆ ಅಂತ ಕೆಲವರು, ಇಳಿಯುತ್ತದೆ ಅಂತ ಕೆಲವರು ಹೇಳುತ್ತಾರೆ.

ಸೇಲಂನವರು: ಇಬ್ಬರದ್ದೂ ಅರ್ಧರ್ಧ ಸರಿ. ಗೇಜು ತೋರಿಸುವುದು ಟೈರಿನೊಳಗಿನ ಒತ್ತಡದ ಪೂರ್ತಿ ಮೊತ್ತವನ್ನಲ್ಲ. ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಅನ್ನುವುದನ್ನು ಮಾತ್ರ ತೋರಿಸುತ್ತದೆ. ಸೇಲಂ ಸಮುದ್ರ ಮಟ್ಟದಿಂದ ಸುಮಾರು 280 ಮೀಟರ್ ಎತ್ತರದಲ್ಲಿದೆ, ಹೊರಗಿನ ಒತ್ತಡ ಸುಮಾರು 14.2 ಪಿಎಸ್‌ಐ. ಏರ್ಕಾಡು ಸುಮಾರು 1,500 ಮೀಟರ್, ಇಲ್ಲಿ ಹೊರಗಿನ ಒತ್ತಡ 12.3ರ ಹತ್ತಿರ. ಟೈರಿನ ಬಿಸಿ ಬದಲಾಗದೇ ಇದ್ದಿದ್ದರೆ ಸೇಲಂನ 32 ಇಲ್ಲಿ ಸುಮಾರು 34 ಅಂತ ಓದಬೇಕಿತ್ತು. ಆದರೆ ಬಿಸಿ ಬದಲಾಗುತ್ತದೆ. ಸೇಲಂನಲ್ಲಿ ಮಧ್ಯಾಹ್ನ 35 ಡಿಗ್ರಿ ಸೆಲ್ಸಿಯಸ್, ಇಲ್ಲಿ 23 ಅಂತ ಇಟ್ಟುಕೊಳ್ಳಿ. ಈ ಗಾತ್ರದ ಒತ್ತಡದಲ್ಲಿ ಪ್ರತಿ 10 ಡಿಗ್ರಿಗೆ ಸುಮಾರು ಒಂದೂವರೆ ಪಿಎಸ್‌ಐ ವ್ಯತ್ಯಾಸ. 12 ಡಿಗ್ರಿಗೆ 1.8 ಇಳಿಯುತ್ತದೆ. ಎತ್ತರ ಕೊಟ್ಟ 2ನ್ನು ತಂಪು ಹೆಚ್ಚುಕಡಿಮೆ ಪೂರ್ತಿ ವಾಪಸ್ ಪಡೆಯುತ್ತದೆ, ಗೇಜು ಮತ್ತೆ 32ರ ಹತ್ತಿರವೇ ನಿಲ್ಲುತ್ತದೆ.

ಬೆಂಗಳೂರಿನವರು: ಹಾಗಾದರೆ ಕೆಳಗೆ ತುಂಬಿಸಿಕೊಂಡು ಬಂದರೆ ಸಾಕು.

ಸೇಲಂನವರು: ಮಧ್ಯಾಹ್ನದ ಮಟ್ಟಿಗೆ ಮಾತ್ರ ಆ ಹೊಂದಾಣಿಕೆ. ಬೆಳಗ್ಗೆ ಮಂಜು ಕವಿದು 15 ಡಿಗ್ರಿ ಇದ್ದರೆ ಅದೇ ಟೈರು 31 ತೋರಿಸುತ್ತದೆ. ಹತ್ತು ಗಂಟೆಗೆ ಬಿಸಿಲು ಬಿದ್ದರೆ ಮತ್ತೆ ಏರುತ್ತದೆ. ಅದೂ ಅಲ್ಲದೆ ಘಾಟಿಯ 20 ಹೇರ್‌ಪಿನ್ ತಿರುವು ಹತ್ತಿ ಬಂದ ಟೈರು ಕಾದಿರುತ್ತದೆ. ಬಂದ ತಕ್ಷಣ ಅಳೆದರೆ ಸಿಗುವುದು ಬಿಸಿ ಟೈರಿನ ಅಂಕಿ. ಎರಡು–ಮೂರು ಗಂಟೆ ನೆರಳಿನಲ್ಲಿ ನಿಲ್ಲಿಸಿ, ಆಮೇಲೆ ಅಳೆಯಬೇಕು. ನೀವು ಬೆಂಗಳೂರಿನಿಂದ ಬಂದವರು. ಅಲ್ಲಿ 900 ಮೀಟರ್ ಮೇಲಿನಿಂದ ಹೊರಟು, ಕೃಷ್ಣಗಿರಿ, ಧರ್ಮಪುರಿ, ತೊಪ್ಪೂರು ಇಳಿದು ಸೇಲಂ ಮುಟ್ಟಿ, ಮತ್ತೆ ಇಷ್ಟು ಮೇಲೆ ಹತ್ತಿದ್ದೀರಿ. ಎತ್ತರದ ಲೆಕ್ಕ ಒಂದನ್ನೇ ತೆಗೆದುಕೊಂಡರೂ ನಿಮ್ಮ ಗೇಜು ಒಮ್ಮೆ ಸುಮಾರು 1 ಇಳಿದು ಆಮೇಲೆ 2 ಏರಿರುತ್ತದೆ. ಬೆಂಗಳೂರಿನಲ್ಲಿ ಹೊಂದಿದ ಅಂಕಿ ಏರ್ಕಾಡಿನಲ್ಲಿ ಹೊಂದಬೇಕಾದರೆ ಅದನ್ನು ಇಲ್ಲೇ, ಈ ಹೊತ್ತಿಗೆ ಅಳೆದಿಟ್ಟಿರಬೇಕು. ಟೈರಿನ ಗೋಡೆ ಸೆಟೆದು ನಿಲ್ಲುವುದು ಗೇಜು ತೋರಿಸುವ ಆ ವ್ಯತ್ಯಾಸದಿಂದಲೇ. ಹಾಗಾಗಿ ಎತ್ತರಕ್ಕೆ ಬೇರೆ ಕೋಷ್ಟಕ ಬೇಡ, ಓಡುವ ಜಾಗದಲ್ಲಿ ಅಳೆದರೆ ಸಾಕು.

ಬೆಂಗಳೂರಿನವರು: ಆ 20 ತಿರುವುಗಳಲ್ಲೇ ಒಂದಿಷ್ಟು ಓಡಿಸಿ ಗಾಳಿ ಪರೀಕ್ಷಿಸಬಹುದಲ್ಲ? ಆಟೋಕ್ರಾಸ್‌ನ ತಿರುವುಗಳಿಗೂ ಅವಕ್ಕೂ ಎಷ್ಟು ಹೋಲಿಕೆ ಇದೆ!

ಸೇಲಂನವರು: ಖಂಡಿತ ಬೇಡ. ಅದು ಬಸ್ಸು, ಲಾರಿ, ಕಾಫಿ ತೋಟದ ಜೀಪು, ಮಕ್ಕಳು ಕೂತ ಸ್ಕೂಟರು ಹತ್ತಿ ಇಳಿಯುವ ರಸ್ತೆ. ಸುಣ್ಣ ಅಳಿಸಬೇಕಾದರೆ ಟೈರನ್ನು ಹಿಡಿತದ ಕೊನೆಯವರೆಗೆ ತರಬೇಕು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ ಇರುವ ದಾರಿಯಲ್ಲಿ, ಎದುರು ಬರುವವರಿಗೆ ಗೊತ್ತೇ ಇಲ್ಲದೆ ಹಾಗೆ ಮಾಡುವುದು ಅಪರಾಧ. ಕ್ಲಬ್ಬಿನವರು ಬಯಲು ಗೊತ್ತುಮಾಡಿ, ಆಂಬುಲೆನ್ಸ್ ನಿಲ್ಲಿಸಿ ನಡೆಸುವ ಅಭ್ಯಾಸದ ದಿನಕ್ಕೆ ಹೋಗಿ.

ಬೆಂಗಳೂರಿನವರು: ಓಟದಿಂದ ಓಟಕ್ಕೆ ಟೈರು ಕಾಯುತ್ತದಲ್ಲ, ಅದಕ್ಕೇನು ಮಾಡಬೇಕು?

ಸೇಲಂನವರು: ಕೊನೆಗೆ ಲೆಕ್ಕಕ್ಕೆ ಬರುವುದು ಬಿಸಿ ಟೈರಿನ ಅಂಕಿಯೇ. 38ರಲ್ಲಿ ಹೊರಟದ್ದು ಕೆಲವು ಓಟ ಕಳೆಯುವಷ್ಟರಲ್ಲಿ 42 ಮುಟ್ಟಬಹುದು. ಸುಣ್ಣ ಒಪ್ಪಿದ ಓಟ ಮುಗಿದ ಕೂಡಲೇ ಅಳೆದು ಬರೆದಿಟ್ಟುಕೊಳ್ಳಿ, ಅದೇ ಗುರಿ. ಪ್ರತಿ ಓಟದ ಮೊದಲು ಅಷ್ಟಕ್ಕೆ ಇಳಿಸಿ. ಒಂದೇ ಕಾರನ್ನು ಇಬ್ಬರು ಹಂಚಿಕೊಂಡರೆ ತಣಿಯಲು ಬಿಡುವೇ ಸಿಗುವುದಿಲ್ಲ, ಟೈರಿಗೆ ನೀರು ಚಿಮುಕಿಸುವುದು ಅದಕ್ಕೇ. ಸಾಲಿನಲ್ಲಿ ಕಾಯುವಾಗ ಒಂದು ಬದಿಗೆ ಬಿಸಿಲು ಬಿದ್ದರೆ ಆ ಬದಿಯ ಟೈರುಗಳು ಏರುತ್ತವೆ. ಎಡಬಲ ಸಮ ಮಾಡಲು ಹೋಗಿ ಬಿಸಿಲಿನ ಬದಿಯಿಂದ ಗಾಳಿ ತೆಗೆದರೆ, ಓಡುವಾಗ ಎರಡೂ ಬದಿ ಕಾದು ಆ ಬದಿ ಕಡಿಮೆ ಬೀಳುತ್ತದೆ. ಮೊದಲು ನೆರಳು ಮಾಡಿ, ಆಮೇಲೆ ಅಳೆಯಿರಿ.

ಬೆಂಗಳೂರಿನವರು: ನೈಟ್ರೋಜನ್ ಹಾಕಿಸಿದರೆ ಈ ಏರಿಳಿತ ಇರುವುದಿಲ್ಲವಂತೆ.

ಸೇಲಂನವರು: ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಕಾದರೆ ಎರಡೂ ಒಂದೇ ರೀತಿ ಹಿಗ್ಗುತ್ತವೆ. ತೇವ ಇಲ್ಲದಿರುವುದೊಂದು ಸಣ್ಣ ಲಾಭ. ಆ ದುಡ್ಡಿಗೆ ಒಳ್ಳೆಯ ಗೇಜು ತೆಗೆದುಕೊಳ್ಳಿ. ಬಂಕಿನಲ್ಲೊಂದು, ಪಂಕ್ಚರ್ ಅಂಗಡಿಯಲ್ಲೊಂದು ಗೇಜು ನಂಬಿದರೆ 2 ಪಿಎಸ್‌ಐ ಲೆಕ್ಕಾಚಾರಕ್ಕೆ ಅರ್ಥವೇ ಉಳಿಯುವುದಿಲ್ಲ. ನಿಮ್ಮ ಗೇಜು ಒಂದು ಹೆಚ್ಚು ತೋರಿಸಿದರೂ ಪರವಾಗಿಲ್ಲ, ಯಾವಾಗಲೂ ಅದೇ ಒಂದು ಹೆಚ್ಚು ತೋರಿಸಬೇಕು.

ಬೆಂಗಳೂರಿನವರು: ಮಳೆ ಬಂದರೆ?

ಸೇಲಂನವರು: ನೆಲ ಬರೀ ಒದ್ದೆಯಾಗಿದ್ದರೆ ಹಿಡಿತ ಕಡಿಮೆ, ಟೈರು ಮಡಚುವಷ್ಟು ಎಳೆತವೇ ಬರುವುದಿಲ್ಲ. ಹಾಗಾಗಿ 2 ಅಥವಾ 3 ಇಳಿಸಿದರೆ ಒಳ್ಳೆಯದು. ನೀರು ನಿಂತಿದ್ದರೆ ಮಾತು ಬೇರೆ. ಟೈರು ನೀರಿನ ಮೇಲೆ ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ ಅಂತ ವಿಮಾನದ ಟೈರುಗಳ ಮೇಲೆ ಕೆಲಸ ಮಾಡಿದ ನಾಸಾದವರು 1960ರ ದಶಕದಲ್ಲಿ ತೋರಿಸಿದರು. ಆ ಸೂತ್ರದ ಪ್ರಕಾರ 25 ಪಿಎಸ್‌ಐಗೆ ಗಂಟೆಗೆ ಸುಮಾರು 83 ಕಿ.ಮೀ., 36ಕ್ಕೆ ಸುಮಾರು 100. ಕಾರಿನ ಟೈರಿನ ಗೀರು, ಅಗಲ, ಸವೆತ ಇವುಗಳಿಂದ ಅಂಕಿ ಬದಲಾಗುತ್ತದೆ, ದಿಕ್ಕು ಮಾತ್ರ ಅದೇ. ಆಟೋಕ್ರಾಸ್‌ನ ವೇಗಕ್ಕೆ ಇದು ಅಪರೂಪಕ್ಕೆ ಅನ್ವಯ, ಮಳೆಯಲ್ಲಿ ಹೆದ್ದಾರಿ ಹಿಡಿದು ಮನೆಗೆ ಹೋಗುವಾಗ ಮಾತ್ರ ನೆನಪಿರಬೇಕು.

ಬೆಂಗಳೂರಿನವರು: ನಮ್ಮ ಕಡೆ ಆಟ ಹೆಚ್ಚಾಗಿ ಮಣ್ಣಿನದ್ದು. ಅಲ್ಲೂ ಹೀಗೇ ಏರಿಸುವುದೇ?

ಸೇಲಂನವರು: ಅಲ್ಲಿ ಲೆಕ್ಕ ತಿರುಗುಮುರುಗು. ಸಡಿಲ ಮಣ್ಣು ಟೈರನ್ನು ಮಡಚುವಷ್ಟು ಗಟ್ಟಿಯಾಗಿ ಹಿಡಿಯುವುದೇ ಇಲ್ಲ, ಅದಕ್ಕೂ ಮುಂಚೆ ತಾನೇ ಸರಿಯುತ್ತದೆ. ಗಾಳಿ ಕಮ್ಮಿಯಿದ್ದರೆ ಟೈರು ನೆಲದ ಉಬ್ಬುತಗ್ಗಿಗೆ ಒಗ್ಗುತ್ತದೆ, ಪುಟಿಯುವುದಿಲ್ಲ. ಬೀದಿ ಟೈರಿಗೆ ಸ್ಟಿಕರಿನ ಅಂಕಿಯಿಂದ ಶುರುಮಾಡಿ 2ರಂತೆ ಇಳಿಸುತ್ತಾ ಹೋಗಬಹುದು. ಎಷ್ಟು ಇಳಿಸಬಹುದು ಅನ್ನುವುದನ್ನು ಹಿಡಿತಕ್ಕಿಂತ ಮೊದಲು ನೆಲವೇ ತೀರ್ಮಾನಿಸುತ್ತದೆ. ಕೊಯ್ದ ಗದ್ದೆಯ ಮೆತ್ತನೆ ನೆಲದಲ್ಲಿ ಬದು ಒಂದು ಬಿಟ್ಟರೆ ಅಪಾಯ ಕಡಿಮೆ. ಕಲ್ಲು ಮೇಲೆದ್ದ ಕೆಂಪು ನೆಲದಲ್ಲಿ ಗಾಳಿ ಕಮ್ಮಿಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟೈರಿನ ಗೋಡೆ ಸಿಕ್ಕಿ ಕತ್ತರಿಸುತ್ತದೆ, ಇಲ್ಲವೇ ರಿಮ್ಮು ಬಾಗುತ್ತದೆ. ಟ್ಯೂಬ್‌ಲೆಸ್ ಆದರೆ ಇನ್ನೊಂದು ಅಪಾಯ: ಅಡ್ಡ ಜಾರುತ್ತಾ ಹೋಗಿ ಗಟ್ಟಿ ಅಂಚಿಗೆ ತಾಗಿದರೆ ಟೈರು ರಿಮ್ಮಿನಿಂದ ಕಳಚಿ ಗಾಳಿಯೆಲ್ಲ ಒಮ್ಮೆಲೇ ಹೋಗುತ್ತದೆ. ಆದ್ದರಿಂದ 25ರ ಕೆಳಗೆ ಇಳಿಯುವ ಮೊದಲು ಟ್ರ್ಯಾಕನ್ನು ಪೂರ್ತಿ ನಡೆದು ನೋಡಬೇಕು. ಬೆಳಗ್ಗೆ ಹಸಿಯಾಗಿದ್ದ ಮಣ್ಣು ಕಾರುಗಳು ಓಡಿದಂತೆ ಗುಡಿಸಿಹೋಗಿ, ಮಧ್ಯಾಹ್ನಕ್ಕೆ ಕೆಳಗಿನ ಗಟ್ಟಿ ಪದರ ಮೇಲೆ ಬರುತ್ತದೆ. ಆಗ ಬೆಳಗಿನ ಅಂಕಿಗಿಂತ ಸ್ವಲ್ಪ ಏರಿಸಬೇಕಾಗುತ್ತದೆ.

ಬೆಂಗಳೂರಿನವರು: ಆಟ ಮುಗಿದ ಮೇಲೆ ಹಾಗೇ ಹೊರಟುಬಿಡಬಹುದೇ?

ಸೇಲಂನವರು: ಹಾಗೆ ಹೊರಡಬಾರದು. 40ರ ಟೈರು ಸಾಮಾನ್ಯ ರಸ್ತೆಯಲ್ಲಿ ಹಳ್ಳಕ್ಕೆ ಪುಟಿಯುತ್ತದೆ, ನಡುಭಾಗ ಸವೆಯುತ್ತದೆ. ಮಣ್ಣಿಗೆಂದು ಇಳಿಸಿದ 26ರ ಟೈರು ಸಾಮಾನು ತುಂಬಿ ಹೆದ್ದಾರಿಯಲ್ಲಿ ಓಡಿದರೆ ಗೋಡೆ ಕಾಯುತ್ತದೆ, ಅದು ಇನ್ನೂ ಕೆಟ್ಟದ್ದು. ಟೈರು ತಣಿದ ಮೇಲೆ ಸ್ಟಿಕರ್ ಅಂಕಿಗೆ ತಂದು ಹೊರಡಿ. ಇಲ್ಲಿಂದ 20 ಡಿಗ್ರಿಯಲ್ಲಿ 32 ಇಟ್ಟು ಹಗಲು ಇಳಿದರೆ ಸೇಲಂನ ಬಿಸಿಗೆ ಅದು 32ರ ಹತ್ತಿರವೇ ಇರುತ್ತದೆ, ರಾತ್ರಿಯ ತಂಪಿನಲ್ಲಿ ಇಳಿದರೆ ಸುಮಾರು 1 ಕಡಿಮೆ ತೋರಿಸುತ್ತದೆ. ಕೆಳಗೆ ಹೋಗಿ ಟೈರು ತಣಿದ ಮೇಲೆ ಇನ್ನೊಮ್ಮೆ ಅಳೆಯಿರಿ. ವಾಲ್ವಿಗೆ ಉಗುಳು ಸವರಿ ಗುಳ್ಳೆ ಏಳುತ್ತದೆಯೇ ನೋಡಿ: ದಿನವಿಡೀ ಗಾಳಿ ಬಿಡುತ್ತಾ ತುಂಬುತ್ತಾ ಇದ್ದಾಗ ವಾಲ್ವಿನ ಪಿನ್ನಿನಲ್ಲಿ ಮಣ್ಣು ಸಿಕ್ಕಿಕೊಂಡು ನಿಧಾನಕ್ಕೆ ಸೋರುವುದುಂಟು. ಸೋರದಿದ್ದರೆ ಕ್ಯಾಪು ಬಿಗಿಮಾಡಿ, ಸ್ಟೆಪ್ನಿಯನ್ನೂ ಅಳೆದು ಹೊರಡಿ.